ನರ್ಸ್‌ಗಳ ನಿದ್ದೆ ಕೆಡಿಸುವುದು ಡ್ಯೂಟಿ ಪಟ್ಟಿ

ಮಾನ್ಯ ಸಂಪಾದಕರೇ,

ನರ್ಸ್‌ಗಳ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ಆಸ್ಪತ್ರೆಗಳು ಧ್ಯಾನ ಶಿಬಿರ, ಉಪನ್ಯಾಸ ಏರ್ಪಡಿಸುತ್ತವೆ. ಅದೂ ಎಷ್ಟೋ ಸಲ ಬೆಳಿಗ್ಗೆ ಹತ್ತಕ್ಕೆ, ನೈಟ್ ಡ್ಯೂಟಿ ಮುಗಿಸಿದವರು ಮಲಗಬೇಕಾದ ಹೊತ್ತಿಗೇ. ಮೊದಲು ತಿದ್ದಬೇಕಾದದ್ದು ಡ್ಯೂಟಿ ಪಟ್ಟಿಯನ್ನು.

ರಾತ್ರಿ 9ಕ್ಕೆ ಪಾಳಿ ಮುಗಿಸಿದವರನ್ನು ಮರುದಿನ ಬೆಳಿಗ್ಗೆ 7ಕ್ಕೆ ಹಾಕಿದರೆ ಕಾಗದದ ಮೇಲೆ 10 ಗಂಟೆ ಬಿಡುವು. ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವುದು), ಓಡಾಟ, ಊಟ, ಸ್ನಾನ ಕಳೆದರೆ ನಿದ್ದೆಗೆ ಐದು ಗಂಟೆ ಉಳಿದರೆ ಹೆಚ್ಚು. ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆ ಸತತ ವಿಶ್ರಾಂತಿ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ಶಿಫಾರಸು ಮಾಡಿದೆ. ಪಾಳಿ ಬದಲಿಸುವುದಾದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಬದಲಿಸಬೇಕು. ದೇಹದ ಗಡಿಯಾರದ ಸುತ್ತು 24 ಗಂಟೆಗಿಂತ ತುಸು ಉದ್ದ. ಹಾಗಾಗಿ ತಡವಾಗಿ ಮಲಗಲು ಅದು ಒಗ್ಗಿಕೊಳ್ಳುತ್ತದೆ, ಬೇಗ ಮಲಗು ಎಂದರೆ ಹಟ ಹಿಡಿಯುತ್ತದೆ.

ಇನ್ನೊಂದು ಅನ್ಯಾಯ ಲೆಕ್ಕದಲ್ಲೇ ಅಡಗಿದೆ. ಕೊನೆಯ ನೈಟ್ ಮುಗಿಸಿ ಬೆಳಿಗ್ಗೆ ಮನೆಗೆ ಹೋದ ದಿನವನ್ನೇ ವಾರದ ರಜೆ ಎಂದು ಬರೆದುಬಿಡುತ್ತಾರೆ. ಅದು ರಜೆಯಲ್ಲ, ಬಾಕಿ ನಿದ್ದೆ ತೀರಿಸುವ ದಿನ. ರಜೆಯ ಎಣಿಕೆ ಮರುದಿನದಿಂದ ಶುರುವಾಗಬೇಕು.

ನಸುಕಿನ 4ರ ಆಸುಪಾಸಿನಲ್ಲಿ ದೇಹದ ಉಷ್ಣತೆ ತೀರ ಕೆಳಗಿಳಿಯುತ್ತದೆ, ಎಚ್ಚರವೂ ಇಳಿಯುತ್ತದೆ. ಹಗಲು ಮಲಗದೆ ಮೊದಲ ನೈಟ್‌ಗೆ ಬಂದವರು ಬೆಳಿಗ್ಗೆ 7ಕ್ಕೆ ಎದ್ದಿದ್ದರೆ, ಆ ಹೊತ್ತಿಗೆ 21 ಗಂಟೆಯಿಂದ ಎಚ್ಚರವಾಗಿರುತ್ತಾರೆ. ಸುಮಾರು 17 ಗಂಟೆ ನಿದ್ದೆಗೆಟ್ಟರೇ ಚುರುಕುತನ ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ರಕ್ತದ ಸ್ಯಾಂಪಲ್, ಮುಂಜಾನೆಯ ಔಷಧಿ, ಚಾರ್ಟ್ ಎಲ್ಲವೂ ಒಟ್ಟಿಗೇ ಮೇಲೆ ಬೀಳುವುದೂ ಆಗಲೇ. ಔಷಧಿಯನ್ನು ನಿಗದಿತ ವೇಗದಲ್ಲಿ ರಕ್ತನಾಳಕ್ಕೆ ಹರಿಸುವ ಇನ್ಫ್ಯೂಷನ್ ಪಂಪ್‌ನಲ್ಲಿ 2.5 ಒತ್ತುವಾಗ ಚುಕ್ಕೆ ತಪ್ಪಿದರೆ 25, ಅಂದರೆ ಹತ್ತು ಪಟ್ಟು. ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ), ಪೊಟ್ಯಾಸಿಯಂ ಡ್ರಿಪ್‌ಗಳನ್ನು ಆಗಲಾದರೂ ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸಿ ಸಹಿ ಹಾಕುವುದು ತಾಳೆ ನೋಡಿದಂತಲ್ಲ.

ರಾತ್ರಿ 2ರಿಂದ 4ರ ನಡುವೆ 20 ನಿಮಿಷದ ನಿದ್ದೆಗೆ ಅವಕಾಶ ಕೊಟ್ಟರೆ ಬಹಳ ಸಹಾಯ. ಅದಕ್ಕೆ ಕುರ್ಚಿ ಸಾಲದು, ಕತ್ತಲೆಯ ಕೋಣೆಯಲ್ಲಿ ಒಂದು ಮಂಚ ಬೇಕು. ಆ ಹೊತ್ತು ರೋಗಿಗಳನ್ನು ಯಾರು ನೋಡಿಕೊಳ್ಳುತ್ತಾರೆಂದು ಪಟ್ಟಿಯಲ್ಲೇ ಹೆಸರು ಬರೆದಿರಬೇಕು, ಇಲ್ಲದಿದ್ದರೆ ಯಾರೂ ನೆಮ್ಮದಿಯಿಂದ ಕಣ್ಣು ಮುಚ್ಚುವುದಿಲ್ಲ. 40–50 ನಿಮಿಷಕ್ಕೆ ಎಬ್ಬಿಸಿದರೆ ಗಾಢ ನಿದ್ದೆ ಅರ್ಧಕ್ಕೆ ಮುರಿದು ಮಂಪರು ಹೆಚ್ಚುತ್ತದೆ. ಎದ್ದ ಮೇಲೂ ಕಾಲು ಗಂಟೆ ಔಷಧಿ ಮುಟ್ಟದಿರುವುದು ಕ್ಷೇಮ. ಕಾಫಿ ಪಾಳಿಯ ಮೊದಲರ್ಧದಲ್ಲೇ ಮುಗಿಯಲಿ, ಅದರ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ.

ಇಷ್ಟಾದರೂ ರಜೆಯ ರಾತ್ರಿಗಳಲ್ಲೂ ನಿದ್ದೆ ಹತ್ತದೆ, ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲದೆ, ವಿನಾಕಾರಣ ಅಳು ಬರುತ್ತಿದ್ದರೆ ಅದನ್ನು ಆಯಾಸವೆಂದು ತಳ್ಳಿಹಾಕದೆ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಎರಡು ವಾರವಲ್ಲ, ಒಂದು ದಿನವೂ ಕಾಯಬಾರದು. ಆಸ್ಪತ್ರೆಗಳು ನಿದ್ದೆ, ಖಿನ್ನತೆಯ ಪ್ರಶ್ನಾವಳಿ ಹಂಚುವುದಾದರೆ ಉತ್ತರಗಳು ಮೇಲಧಿಕಾರಿಯ ಮೇಜಿಗಾಗಲಿ ಸೇವಾ ಕಡತಕ್ಕಾಗಲಿ ಹೋಗುವುದಿಲ್ಲವೆಂದು ಮೊದಲೇ ಲಿಖಿತವಾಗಿ ತಿಳಿಸಲಿ. ಆ ಭರವಸೆಯಿಲ್ಲದಿದ್ದರೆ ಎಲ್ಲರೂ ‘ಚೆನ್ನಾಗಿದ್ದೇನೆ’ ಎಂದೇ ಗುರುತು ಹಾಕುತ್ತಾರೆ.

– ಹಿರಿಯ ಶುಶ್ರೂಷಕಿಯರು