ಲಸಿಕೆಯ ಮಾತು ರೋಗಿಯ ಜೊತೆಗೇ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಾನೂ ನನ್ನ ತಮ್ಮನೂ ಮಾತ್ರೆ ತರಲು ತಾಲ್ಲೂಕು ಆಸ್ಪತ್ರೆಗೆ ಹೊರಟಿದ್ದಾಗ, ಬಸ್ ನಿಲ್ದಾಣದ ಬಳಿ ಬೀದಿನಾಯಿಯೊಂದು ಅವನ ಕಾಲಿಗೆ ಬಾಯಿ ಹಾಕಿತು. ರಕ್ತ ಬಂದಿರಲಿಲ್ಲ, ಹಲ್ಲು ತಾಗಿ ಚರ್ಮ ಗೀರಿತ್ತು. ಅಲ್ಲೇ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆದು ಆಸ್ಪತ್ರೆ ಸೇರಿದೆವು. ತಮ್ಮ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಇಂಜೆಕ್ಷನ್ ಕೋಣೆಯಲ್ಲಿ ಅವನ ಚೀಟಿ ನೋಡಿದವರು ನನ್ನ ಕಡೆ ತಿರುಗಿ, ‘ಇವರು ಹಾಕಿಸಿಕೊಳ್ತಾರಾ? ಗಲಾಟೆ ಮಾಡಲ್ಲ ತಾನೇ?’ ಎಂದು ಕೇಳಿದರು. ತಮ್ಮ ಪಕ್ಕದಲ್ಲೇ ನಿಂತಿದ್ದ. ‘ಮೇಡಂ, ನಾನು ರಾತ್ರಿ ತಗೊಳ್ಳೋ ಮಾತ್ರೆಗೂ ಇದಕ್ಕೂ ಆಗಿಬರುತ್ತಾ?’ ಎಂದು ಅವನು ಕೇಳಿದ ಮಾತಿಗೆ ಉತ್ತರ ಬರಲಿಲ್ಲ. ಎಡ ತೋಳಿಗೆ ಚುಚ್ಚಿ, ಏನೂ ಹೇಳದೆ ಬಲ ತೋಳು ಹಿಡಿದಾಗ ಅವನು ಬೆಚ್ಚಿ ಕೈ ಎಳೆದುಕೊಂಡ. ‘ನೋಡಿ, ಇದಕ್ಕೇ ಕೇಳಿದ್ದು’ ಎಂದರು. ಚರ್ಮದ ಪದರದೊಳಗೆ ಕೊಡುವ ಈ ರೇಬೀಸ್ ಲಸಿಕೆಯನ್ನು ಎರಡೂ ತೋಳುಗಳಿಗೆ ಹಾಕುತ್ತಾರೆ ಎಂಬ ಒಂದು ಮಾತನ್ನು ಮೊದಲೇ ಹೇಳಿದ್ದರೆ ಅವನು ತಾನಾಗಿ ತೋಳು ಕೊಡುತ್ತಿದ್ದ ಎಂಬುದು ನನಗೆ ಗೊತ್ತು.

ಮಾನಸಿಕ ಕಾಯಿಲೆ ಇರುವವರು ಲಸಿಕೆಗೆ ಹಿಂಜರಿದರೆ ಅದನ್ನು ಕಾಯಿಲೆಯ ಲಕ್ಷಣವೆಂದೇ ಬರೆದುಹಾಕುವ ರೂಢಿ ಮನೆಯಲ್ಲೂ ಆಸ್ಪತ್ರೆಯಲ್ಲೂ ಇದೆ. ಕೋವಿಡ್ ಕಾಲದಲ್ಲಿ ನಾನೂ ಅದೇ ತಪ್ಪು ಮಾಡಿದೆ. 2021ರಲ್ಲಿ ತಮ್ಮ ಐದು ತಿಂಗಳು ಲಸಿಕೆ ಬೇಡವೆಂದ. ಬೈದೆ, ಕಣ್ಣೀರು ಹಾಕಿದೆ, ನೆಂಟರಿಂದ ಹೇಳಿಸಿದೆ. ಏಕೆ ಬೇಡ ಎಂದು ಮಾತ್ರ ಕುಳಿತು ಕೇಳಲಿಲ್ಲ. ಕೊನೆಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ, ವರ್ಷಗಳಿಂದ ಅವನನ್ನು ಬಲ್ಲ ಮನೋವೈದ್ಯರು ಕೇಳಿದರು. ಕಾಯಿಲೆ ಶುರುವಾದ ಹೊಸತರಲ್ಲಿ ನಾಲ್ಕು ಜನ ಅವನ ಬಲಗೈಯನ್ನು ಹಿಂದಕ್ಕೆ ತಿರುಚಿ ಹಿಡಿದು, ಇಂಜೆಕ್ಷನ್ ಚುಚ್ಚಿ, ಜೀಪಿಗೆ ಹಾಕಿ ಕರೆದೊಯ್ದಿದ್ದರು. ಅಂದಿನಿಂದ ಬಿಳಿ ಕೋಟು ಮತ್ತು ಸೂಜಿ ಒಟ್ಟಿಗೆ ಕಂಡರೆ ಅವನಿಗೆ ಆ ದಿನವೇ ಕಣ್ಣಮುಂದೆ ಬರುತ್ತದೆ. ಎರಡನೆಯ ಭಯ ಮಾತ್ರೆಯದು: ಲಸಿಕೆ ಹಾಕಿಸಿಕೊಂಡರೆ ಮಾತ್ರೆ ಕೆಲಸ ಮಾಡದೆ ಕಾಯಿಲೆಯಲ್ಲಿ ಕೇಳಿಸುತ್ತಿದ್ದ ಆ ಧ್ವನಿಗಳು ಮತ್ತೆ ಕೇಳಿಸಿಯಾವು ಎಂದು. ಇದರಲ್ಲಿ ಭ್ರಮೆ ಎಲ್ಲಿದೆ? ವೈದ್ಯರು ಅವನ ಮಾತ್ರೆಯ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಒಂದೆರಡು ದಿನ ಜ್ವರ ಬರಬಹುದು, ಅದಕ್ಕೆ ಪ್ಯಾರಸಿಟಮಾಲ್ ಸಾಕು, ಈ ಮಾತ್ರೆಯನ್ನು ಮಾತ್ರ ಒಂದು ರಾತ್ರಿಯೂ ಬಿಡಬೇಡ ಎಂದು ಅವನಿಗೇ ಹೇಳಿದರು. ಆ ವಾರವೇ ಅವನು ಹೋಗಿ ಕುರ್ಚಿಯಲ್ಲಿ ಕುಳಿತು ಅಂಗಿಯ ಎಡತೋಳು ಮಡಚಿದ. ‘ಬಲಗೈ ಬೇಡ’ ಎಂದ, ಅಷ್ಟೇ.

ಮನೋರೋಗದ ಔಷಧಿ ತೆಗೆದುಕೊಳ್ಳುತ್ತಿರುವುದು ಲಸಿಕೆಗೆ ಅಡ್ಡಿಯಲ್ಲ. ಕ್ಲೋಜಪಿನ್‌ನಂಥ ಕೆಲವು ಔಷಧಿಗಳ ಪ್ರಮಾಣ ಸೋಂಕು, ಜ್ವರದ ಹೊತ್ತಿನಲ್ಲಿ ರಕ್ತದಲ್ಲಿ ಏರಬಹುದಾದ್ದರಿಂದ, ಅತಿಯಾದ ಮಂಪರು ಕಂಡರೆ ವೈದ್ಯರಿಗೆ ತಿಳಿಸಬೇಕು. ಈ ಎರಡು ವಾಕ್ಯಗಳನ್ನು ಯಾವ ಲಸಿಕಾ ಕೇಂದ್ರದಲ್ಲೂ ಯಾರೂ ನಮಗೆ ಹೇಳಿರಲಿಲ್ಲ. ಡೆನ್ಮಾರ್ಕ್‌ನಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ ಸುಮಾರು ಸಾವಿರ ಮಂದಿಯನ್ನು ಕೋವಿಡ್ ಲಸಿಕೆಯ ಬಗ್ಗೆ ಕೇಳಿದಾಗ ನೂರಕ್ಕೆ ಸುಮಾರು 85 ಮಂದಿ ಹಾಕಿಸಿಕೊಳ್ಳಲು ಸಿದ್ಧರಿದ್ದರು. ಸಾಮಾನ್ಯ ಜನರಲ್ಲಿ ಆ ಸಂಖ್ಯೆ ಸುಮಾರು 90 ಇತ್ತು. ಅಂತರ ನಾವು ಊಹಿಸಿಕೊಂಡಷ್ಟು ದೊಡ್ಡದಿಲ್ಲ.

ವ್ಯವಸ್ಥೆಯೂ ಇವರನ್ನು ಕೊನೆಗೇ ನೆನೆಯಿತು. 2021ರ ಮಾರ್ಚ್ 1ರಿಂದ 45 ದಾಟಿದ ಕಾಯಿಲೆಯವರಿಗೆ ಲಸಿಕೆ ಕೊಡಲು ಕೇಂದ್ರ ಸರ್ಕಾರ ಮಾಡಿದ 20 ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆ ಇರಲಿಲ್ಲ. ಹಳೆಯ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇದ್ದ ನನಗೆ ಚೀಟಿ ಸಿಕ್ಕಿತು, 46 ವರ್ಷದ ತಮ್ಮನಿಗೆ ಸಿಗಲಿಲ್ಲ. ಸ್ಕಿಜೋಫ್ರೀನಿಯಾ ಇರುವವರಿಗೆ ಕೋವಿಡ್ ತಗುಲಿದರೆ ಸಾವಿನ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಎಂದು ನ್ಯೂಯಾರ್ಕ್‌ನ ಅಧ್ಯಯನವೊಂದು ಆ ವರ್ಷದ ಜನವರಿಯಲ್ಲೇ ಹೇಳಿತ್ತು. ಬ್ರಿಟನ್ ತೀವ್ರ ಮಾನಸಿಕ ಕಾಯಿಲೆಯವರನ್ನು ಆದ್ಯತೆಯ ಗುಂಪಿಗೆ ಸೇರಿಸಿತ್ತು. ನಮ್ಮಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಇರುವವರ ಲಸಿಕೆಗೆ ಕಾಲಮಿತಿ ಹಾಕಿಕೊಳ್ಳಿ ಎಂದು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು. ಎಲ್ಲ ಆರೋಗ್ಯ ಸೇವೆಗಳಲ್ಲೂ ಮಾನಸಿಕ ಕಾಯಿಲೆಯವರನ್ನು ದೈಹಿಕ ಕಾಯಿಲೆಯವರಿಗೆ ಸಮನಾಗಿ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಆ ವೇಳೆಗಾಗಲೇ ಹೇಳಿತ್ತು.

ಕಾಯಿಲೆ ಉಲ್ಬಣಿಸಿ ಯಾವ ಮಾತೂ ತಲೆಗೆ ಹೋಗದ ದಿನಗಳೂ ಇರುತ್ತವೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಫ್ಲೂ ಲಸಿಕೆಯಾದರೆ ಎರಡು ವಾರ ಕಾದು ಮತ್ತೆ ಕೇಳಬಹುದು. ರೇಬೀಸ್ ಹಾಗೆ ಕಾಯುವುದಿಲ್ಲ. ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿಯೂ ಇಲ್ಲ. ಅಂಥ ಹೊತ್ತಿನಲ್ಲಿ ಮನೆಯವರು ನಿರ್ಧರಿಸಲೇಬೇಕಾಗುತ್ತದೆ. ಆಗಲೂ ಏನು ಹಾಕುತ್ತಿದ್ದೇವೆ, ಎಷ್ಟು ಕಡೆ ಚುಚ್ಚುತ್ತೇವೆ ಎಂಬುದನ್ನು ಅವರ ಮುಖ ನೋಡಿ ಹೇಳಬೇಕು. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ, ಎಷ್ಟೋ ವರ್ಷಗಳ ನಂತರವೂ ನೆನಪಿಟ್ಟಿರುತ್ತಾರೆ.

ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ನಮ್ಮಂಥ ಕುಟುಂಬಗಳು ಅಂಜಿಕೆಯಿಲ್ಲದೆ ಕಾಲಿಡುವ ಕೋಣೆ ಅದೊಂದೇ. ಟಿ.ಡಿ. (ಧನುರ್ವಾಯು, ಡಿಫ್ತೀರಿಯಾ ತಡೆಯುವ ಲಸಿಕೆ), ಹೆಪಟೈಟಿಸ್ ಬಿ, ಫ್ಲೂ ಲಸಿಕೆಗಳ ವಿಚಾರವನ್ನು ಅಲ್ಲೇ, ಮಾತ್ರೆ ಬರೆಯುವಾಗಲೇ ಕೇಳಿ, ಅಲ್ಲೇ ಹಾಕುವ ಏರ್ಪಾಡನ್ನು ಆರೋಗ್ಯ ಇಲಾಖೆ ಮಾಡಬೇಕೆಂದು ಕೋರುತ್ತೇನೆ. ನಾಯಿ ಕಡಿತದ ಲಸಿಕೆಯನ್ನು ಮೊದಲ ದಿನದ ಬಳಿಕ 3, 7 ಮತ್ತು 28ನೇ ದಿನ ಕೊಡುತ್ತಾರೆ. ತಮ್ಮನಿಗೆ ಮಂಗಳವಾರ ಶುರುವಾದ್ದರಿಂದ 7 ಮತ್ತು 28ನೇ ದಿನಗಳೂ ಮಂಗಳವಾರವೇ ಬಂದವು. ಏಳನೆಯ ದಿನ ಮನೋವೈದ್ಯರ ಕೋಣೆಯಲ್ಲಿ ಅವನು ನಗುತ್ತಲೇ ಇದ್ದ. ಐವತ್ತು ಹೆಜ್ಜೆ ಆಚೆಗಿನ ಇಂಜೆಕ್ಷನ್ ಕೋಣೆಯ ಸರದಿಯಲ್ಲಿ ಎರಡು ಬಾರಿ ಹೊರಗೆದ್ದು ಹೋದ. ಇಪ್ಪತ್ತೆಂಟನೆಯ ದಿನದ ಡೋಸ್ ಬರುವ ಮಂಗಳವಾರ ಇದೆ. ಅಂದು ಆ ಕೋಣೆಯಲ್ಲಿರುವವರು ನನ್ನ ಕಡೆ ನೋಡದೆ, ಅವನ ಹೆಸರು ಹಿಡಿದು ಕರೆದು, ಎರಡೂ ತೋಳಿಗೆ ಹಾಕುತ್ತೇವೆ ಎಂದು ಅವನಿಗೇ ಹೇಳಬೇಕೆಂದು ವಿನಂತಿಸುತ್ತೇನೆ.

– ಓದುಗಳೊಬ್ಬಳು
(ತಮ್ಮನ ಖಾಸಗಿತನದ ದೃಷ್ಟಿಯಿಂದ ಹೆಸರು, ಊರು ಪ್ರಕಟಿಸಬಾರದಾಗಿ ಕೋರಿಕೆ)