ಮೂವತ್ತೈದಕ್ಕೆ ಹೊಸಬಳು

ಪ್ರೀತಿಯ ಪುಟ್ಟಿಗೆ,

ನಿನ್ನ ಹೊಸ ಕೆಲಸದ ಸುದ್ದಿಯೆಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ. ಆದರೆ ಪತ್ರದ ಕೊನೆಗೆ ಬರೆದಿದ್ದೀಯಲ್ಲ, 'ಮೂವತ್ತೈದಕ್ಕೆ ಮತ್ತೆ ಹೊಸಬಳಾಗಿ ನಿಲ್ಲಬೇಕಾ ಮಾವ' ಅಂತ, ಆ ಸಾಲು ಎರಡು ರಾತ್ರಿ ನಿದ್ದೆ ಕೆಡಿಸಿತು.

ರೆನೆ ಡ್ರೇಫಸ್ ಹೆಸರೆತ್ತಿದರೆ ನೀವೆಲ್ಲ ಎದ್ದು ಹೋಗುತ್ತಿದ್ದಿರಿ. ಇವತ್ತು ಕೂತು ಓದು. ಕಾರ್ ರೇಸಿನವನು, ಫ್ರಾನ್ಸಿನ ನೀಸ್ ಊರಿನವನು. 1930ರಲ್ಲಿ ಮೊನಾಕೊ ರೇಸಿನಲ್ಲಿ ಖಾಸಗಿ ಬುಗಾಟಿ ಕಾರು ಓಡಿಸಿ ಬುಗಾಟಿ ಕಂಪನಿಯ ತಂಡವನ್ನೇ ಸೋಲಿಸಿದ. ಪಕ್ಕದ ಸೀಟಿನ ಜಾಗದಲ್ಲಿ ಇನ್ನೊಂದು ಪೆಟ್ರೋಲ್ ಟ್ಯಾಂಕ್ ಕೂರಿಸಿದ್ದ. ಕಂಪನಿ ತಂಡದ ಶಿರಾನ್ ಪೆಟ್ರೋಲಿಗೆ ನಿಂತ, ಇವನು ನಿಲ್ಲಲಿಲ್ಲ. 1938ರಲ್ಲಿ ಪೋ ಊರಿನ ಬೀದಿಗಳಲ್ಲಿ 100 ಸುತ್ತು. ಎದುರಿಗಿದ್ದ ಮರ್ಸಿಡಿಸ್‌ಗೆ ಇವನ ಡೆಲಾಯೆ ಕಾರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ. ಮತ್ತೆ ಅದೇ ಕಥೆ. ಅದು ಪೆಟ್ರೋಲಿಗೆ ನಿಂತಿತು, ಇವನು ಗೆದ್ದ. ಇದು ನನಗಿಷ್ಟದ ಭಾಗ, ಸುಮ್ನೆ ಬರೆದುಬಿಟ್ಟೆ. ಹೇಳಬೇಕಾದ್ದು ಮುಂದಿದೆ.

1940ರ ಮೇ ತಿಂಗಳು. ಅವನಿಗೆ ಆಗಷ್ಟೇ ಮೂವತ್ತೈದು ತುಂಬಿತ್ತು. ಇಂಡಿಯಾನಾಪೊಲಿಸ್ ರೇಸಿಗೆ ಅಂತ ಅಮೆರಿಕಕ್ಕೆ ಹೋಗಿದ್ದ. ಇನ್ನೊಬ್ಬನ ಜೊತೆ ಒಂದೇ ಕಾರು ಹಂಚಿಕೊಂಡು ಹತ್ತನೆಯವನಾದ. ಮುಂದಿನ ತಿಂಗಳೇ ಪ್ಯಾರಿಸ್ ಜರ್ಮನರ ಕೈಗೆ ಹೋಯಿತು. ಅಪ್ಪ ಯಹೂದಿ, ವಾಪಸ್ ಹೋಗುವ ಮಾತೆಲ್ಲಿ? ಮೊನಾಕೊ ಗೆದ್ದವನು ನ್ಯೂಯಾರ್ಕಿನಲ್ಲಿ ಹೋಟೆಲ್ ಇಟ್ಟ. ನಡುವೆ ಅಮೆರಿಕದ ಸೈನ್ಯ ಸೇರಿ ಇಟಲಿಗೂ ಹೋಗಿ ಬಂದ. ಆಮೇಲೆ ಅವನ 'ಲ ಶಾಂತೆಕ್ಲೇರ್' ಹೋಟೆಲ್ ಅಲ್ಲಿನ ರೇಸ್ ಮಂದಿಗೆಲ್ಲ ಅಡ್ಡಾ ಆಯಿತು. ಆದರೆ ಮೊದಲ ದಿನ ಬಾಗಿಲು ತೆರೆದಾಗ ಅವನಿಗೂ ನಿನ್ನ ಹಾಗೇ ಅನಿಸಿರಬೇಕು, ಅಲ್ವಾ?

ಫ್ಯಾಕ್ಟರಿ ಮುಚ್ಚಿದ ಮೇಲೆ ನಾನು ನಿಮ್ಮಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂತದ್ದು ನಿನಗೆ ಗೊತ್ತು. ಇದು ಗೊತ್ತಿಲ್ಲ. ಒಂದು ಮಧ್ಯಾಹ್ನ ಹಳೆಯ ಗೆಳೆಯನೊಬ್ಬ ಫ್ಯಾನ್ ಬೆಲ್ಟ್ ಕೇಳಿಕೊಂಡು ಬಂದ. ದನಿಯಲ್ಲೇ ಗುರುತು ಹತ್ತಿತು. ಗ್ರೀಸ್ ಡಬ್ಬಗಳ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಹುಡುಗನೇ ಬೆಲ್ಟ್ ಕೊಟ್ಟು ಚಿಲ್ಲರೆ ಎಣಿಸಿದ. ಸ್ಕೂಟರ್ ಸದ್ದು ಹೋದ ಮೇಲೂ ನಾನು ಏಳಲಿಲ್ಲ. ಅವನು ಮತ್ತೆ ಸಿಗಲೇ ಇಲ್ಲ.

ಇಂಥವನು ನಿನಗೇನು ಬುದ್ಧಿ ಹೇಳಲಿ. ಆದರೂ, ಗೊತ್ತಿಲ್ಲದ್ದನ್ನು ಮೊದಲ ವಾರವೇ ಕೇಳಿಬಿಡು, ಆಮೇಲೆ ಕೇಳೋದು ಜಾಸ್ತಿ ಕಷ್ಟ. ಆರು ತಿಂಗಳ ಖರ್ಚಿಗೆ ಎತ್ತಿಡು, ಇನ್ನೊಂದು ಟ್ಯಾಂಕ್ ಅಂದುಕೋ. ನಿನ್ನ ಬಾಸ್ ನಿನಗಿಂತ ಚಿಕ್ಕವನಂತೆ, ಇರಲಿ ಬಿಡು.

ಮೂವತ್ತೈದು! ನೋಡು, ಮತ್ತೆ ಅಲ್ಲಿಗೇ ಬಂದೆ. ಸೋಮವಾರ ಸಂಜೆ ಫೋನ್ ಮಾಡು. ಅತ್ತೆ ಎತ್ತಿದರೆ ನನಗೆ ಕೊಡಲು ಹೇಳು.

ನಿನ್ನ ಮಾವ