ಬೆಳಗಿನ ನೋವನ್ನು ನಂಬಿದವರಿಗೆ

ಹೋದ ವಾರ ಬೆಂಗಳೂರಿನಲ್ಲಿ ಮಕ್ಕಳ ಕೀಲುರೋಗದ ಡಾಕ್ಟರು ನಮ್ಮ ಪುಟ್ಟಿಯ ಎರಡೂ ಮಂಡಿ, ಪಾದದ ಗಂಟು, ಮಣಿಕಟ್ಟು ಎಲ್ಲವನ್ನೂ ಮಡಚಿ ಬಿಡಿಸಿ ನೋಡಿ, "ಮೆಥೋಟ್ರೆಕ್ಸೇಟ್ ನಿಲ್ಲಿಸೋಣ" ಎಂದರು. ಅವಳ ಕೀಲಿನ ಕಾಯಿಲೆಗೆ ಕೊಡುತ್ತಿದ್ದ ಔಷಧಿ ಅದು. ಮೂರು ವರ್ಷ ತುಂಬುವ ಹೊತ್ತಿಗೇ ಹಿಡಿದ ಕಾಯಿಲೆ. ಈಗ ಅವಳು ಎರಡನೇ ಕ್ಲಾಸು. ಊತವಿಲ್ಲದೆ, ಬೆಳಗಿನ ಬಿಗಿತವಿಲ್ಲದೆ, ಕಣ್ಣಿಗೆ ತೊಂದರೆಯಿಲ್ಲದೆ ವರ್ಷದ ಮೇಲಾಯಿತು.

ಸುದ್ದಿಯನ್ನು ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳಲು ಶುರುಮಾಡಿದೆ. ಹೇಳಿದಷ್ಟೂ ಇನ್ನೊಬ್ಬರು ನೆನಪಾದರು. ಕೆಲವರ ನಂಬರೇ ನನ್ನ ಬಳಿ ಇಲ್ಲ, ಕೆಲವರ ಹೆಸರೂ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹಾಸನದಲ್ಲಿ ಇದನ್ನು ಓದುವ ಯಾರಿಗಾದರೂ "ಇದು ನಾನೇ" ಅನ್ನಿಸಿದರೆ, ಹೌದು, ಅದು ನೀವೇ.

ಪುಟ್ಟಿಗೆ ಇರುವುದು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್. ಡಾಕ್ಟರುಗಳು ಜೆಐಎ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಮಕ್ಕಳ ಸಂಧಿವಾತ. 16 ವರ್ಷದೊಳಗೆ ಶುರುವಾಗಿ, 6 ವಾರವಾದರೂ ಇಳಿಯದ, ಬೇರೆ ಯಾವ ಕಾರಣವೂ ಸಿಗದ ಕೀಲಿನ ಊತಕ್ಕೆ ಈ ಹೆಸರು. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. "ಇಷ್ಟು ಚಿಕ್ಕ ಮಗೂಗೆ ವಾತವೇ?" ಎಂದು ಕೇಳದವರಿಲ್ಲ. ಮಕ್ಕಳಿಗೂ ಬರುತ್ತದೆ.

ಈ ಕಾಯಿಲೆಯ ಕಷ್ಟದ ಗುಣ ಏನೆಂದರೆ, ಅದು ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನಕ್ಕೆ ಮರೆಯಾಗುತ್ತದೆ. ಆರು ಗಂಟೆಗೆ ಹಾಸಿಗೆಯಿಂದ ಕಾಲು ಕೆಳಗಿಡಲಾರದೆ, ಗೋಡೆ ಹಿಡಿದು, ಎಡಗಾಲಿನ ತುದಿಬೆರಳಲ್ಲಿ ನಿಂತು ಅಳುತ್ತಿದ್ದ ಮಗು ಹನ್ನೊಂದು ಗಂಟೆಗೆ ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿತ್ತು. ನೆಂಟರು, ಅಕ್ಕಪಕ್ಕದವರು ಬರುವುದು ಹನ್ನೊಂದರ ಮೇಲೆಯೇ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಒಳಗೆ ಹೋಗುವ ಹೊತ್ತಿಗೂ ಹನ್ನೊಂದು ದಾಟಿರುತ್ತಿತ್ತು. "ಚೆನ್ನಾಗೇ ಇದ್ದಾಳಲ್ಲ", "ಸ್ಕೂಲಿಗೆ ಹೋಗೋಕೆ ನಾಟಕ", "ಬೆಳೆಯೋ ಮಕ್ಕಳಿಗೆ ಕಾಲುನೋವು ಸಹಜ". ಬೆಳೆಯುವ ಮಕ್ಕಳ ಕಾಲುನೋವು ರಾತ್ರಿ ಬರುತ್ತದೆ, ಬೆಳಿಗ್ಗೆ ಮಗು ಏನೂ ಆಗದ ಹಾಗೆ ಎದ್ದು ಓಡುತ್ತದೆ ಎನ್ನುವುದು ಆಗ ನಮಗೂ ತಿಳಿದಿರಲಿಲ್ಲ, ಹೇಳಿದವರಿಗೂ ತಿಳಿದಿರಲಿಲ್ಲ. ಒಂದು ಕಡೆ, ಎಲ್ಲೋ ಬಿದ್ದಿರಬೇಕು ಎಂದು ಪ್ಲಾಸ್ಟರ್ ಹಾಕಿ ಕಳಿಸಿದರು. ಬಿಚ್ಚಿದಾಗ ಮಂಡಿ ಇನ್ನಷ್ಟು ಬಿಗಿದಿತ್ತು, ತೊಡೆ ಸೊರಗಿತ್ತು.

ಆದ್ದರಿಂದ ಮೊದಲ ನಮಸ್ಕಾರ ನಮ್ಮೂರಿನ ಆ ಮಕ್ಕಳ ಡಾಕ್ಟರಿಗೆ. ನಾನು ಹೇಳುವುದನ್ನೆಲ್ಲ ಕೇಳಿ, ಕಾಲು ಮುಟ್ಟುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಎದ್ದ ತಕ್ಷಣ ಹೇಗಿರ್ತಾಳೆ, ಮಧ್ಯಾಹ್ನ ಹೇಗಿರ್ತಾಳೆ?" ಅಷ್ಟು ದಿನ ಯಾರೂ ಹಾಗೆ ಬಿಡಿಸಿ ಕೇಳಿರಲಿಲ್ಲ. "ನಾಳೆ ಬೆಳಿಗ್ಗೆ ಅವಳು ಎದ್ದು ನಡೆಯೋದನ್ನ ಮೊಬೈಲಲ್ಲಿ ಹಿಡಿದು ತನ್ನಿ" ಎಂದರು. ಮಾರನೆಯ ದಿನ ಆ ವಿಡಿಯೋವನ್ನು ಎರಡು ಸಲ ನೋಡಿ, ಪುಟ್ಟಿಯ ಎರಡೂ ಮಂಡಿಯ ಮೇಲೆ ತಮ್ಮ ಅಂಗೈ ಇಟ್ಟರು. ಆಮೇಲೆ ನನ್ನ ಕೈಯನ್ನೂ ಇಡಿಸಿದರು. ಎಡಮಂಡಿ ಬಲಮಂಡಿಗಿಂತ ಬೆಚ್ಚಗಿತ್ತು. ಚಿಪ್ಪಿನ ಅಕ್ಕಪಕ್ಕದ ಗುಳಿ ತುಂಬಿಹೋಗಿತ್ತು. ರಕ್ತಪರೀಕ್ಷೆಯಲ್ಲಿ, ಸಂಧಿವಾತಕ್ಕೆಂದು ನೋಡುವ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಬಂದಾಗ ನಾವು ಸಂತೋಷಪಟ್ಟೆವು. ಅವರು, "ಈ ಕಾಯಿಲೆ ಇರೋ ಹೆಚ್ಚಿನ ಮಕ್ಕಳಿಗೆ ಇದು ನೆಗೆಟಿವ್ವೇ ಬರೋದು, ಇದನ್ನ ನಂಬಿ ಕೂರಬೇಡಿ" ಎಂದು ಹೇಳಿ ಅವತ್ತೇ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ತಮ್ಮ ಕೈಯಲ್ಲಿ ಆಗದ್ದನ್ನು ಇನ್ನೊಬ್ಬರಿಗೆ ಕಳಿಸಲು ತಡಮಾಡಲಿಲ್ಲ. ಅದಕ್ಕೆ ನಾನು ಬದುಕಿರುವವರೆಗೂ ಋಣಿ.

ಬೆಂಗಳೂರಿನಲ್ಲಿ ಎಡಮಂಡಿಗೆ, ನಿದ್ದೆ ಬರಿಸಿ, ಕೀಲಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಊತ ಇಳಿಯಿತು. ಕೆಲವು ತಿಂಗಳಾದ ಮೇಲೆ ಬಲಮಂಡಿಗೂ ಪಾದದ ಗಂಟಿಗೂ ಬಂದಾಗ ಮೆಥೋಟ್ರೆಕ್ಸೇಟ್ ಶುರುವಾಯಿತು.

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ನೇರ ರೈಲು ಬಂದದ್ದು 2017ರಲ್ಲಿ. ಆ ದಾರಿ ಇಲ್ಲದಿದ್ದರೆ ನಾವು ಏನು ಮಾಡುತ್ತಿದ್ದೆವೋ ಗೊತ್ತಿಲ್ಲ. ಈ ಕಾಯಿಲೆಯಲ್ಲಿ ಒಂದೇ ಕಡೆ ಕೂತರೆ ಕೀಲು ಕಟ್ಟಿಕೊಳ್ಳುತ್ತದೆ. ಬಸ್ಸಿನಲ್ಲಿ ಕೂತು ಹೋದ ದಿನ ಇಳಿಯುವಾಗ ಅವಳನ್ನು ಎತ್ತಿಕೊಂಡೇ ಇಳಿಸಬೇಕಾಗುತ್ತಿತ್ತು. ರೈಲಿನಲ್ಲಾದರೆ ಎದ್ದು, ಬೋಗಿಯ ಈ ತುದಿಯಿಂದ ಆ ತುದಿಗೆ ನಡೆದು ಬರಬಹುದು. ದಿನಾ ಓಡಾಡುವ ಪಾಸಿನವರು ಅವಳ ಗುರುತು ಹಿಡಿದುಬಿಟ್ಟಿದ್ದರು. ಕಾಲು ಚಾಚಿಕೊಳ್ಳಲು ಜಾಗ ಬಿಟ್ಟವರು, ನಡೆಯುವಾಗ ಕೈ ಹಿಡಿದವರು, ಕಡಲೆಕಾಯಿ ಕೊಟ್ಟವರು ನೀವು. ನಿಮ್ಮಲ್ಲಿ ಒಬ್ಬರ ಹೆಸರೂ ನಾನು ಕೇಳಿಟ್ಟುಕೊಂಡಿಲ್ಲ.

ನಮ್ಮ ಬೀದಿಯ ಮೆಡಿಕಲ್ ಸ್ಟೋರಿನ ಅಣ್ಣನ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ಕೊಡುವ ಔಷಧಿ. ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. ಮೊದಲ ಸಲ ಚೀಟಿ ತೋರಿಸಿದಾಗ ಅವರು ಮಾತ್ರೆಯ ಪಟ್ಟಿಯನ್ನು ಸುಮ್ಮನೆ ಕವರಿಗೆ ಹಾಕಿ ಕೊಡಲಿಲ್ಲ. "ಅಕ್ಕ, ಇದು ದಿನಾ ನುಂಗೋ ಮಾತ್ರೆ ಅಲ್ಲ. ಯಾವ ವಾರ ಅಂತ ಬರೆದಿದ್ದಾರೆ ಹೇಳಿ" ಎಂದು ನನ್ನ ಬಾಯಿಂದಲೇ ಹೇಳಿಸಿದರು. ಆಮೇಲೆ ಕೆಂಪು ಮಾರ್ಕರ್‌ನಲ್ಲಿ ಪಟ್ಟಿಯ ಬೆನ್ನಿಗೆ 'ಭಾನುವಾರ ಮಾತ್ರ' ಎಂದು ದಪ್ಪಕ್ಷರದಲ್ಲಿ ಬರೆದರು. ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಪಟ್ಟಿಗೆ ಹಸಿರು ಬಣ್ಣ. ಪ್ರತಿ ಸಲವೂ ಹೀಗೇ. ಊರಿಂದ ಬಂದ ನಮ್ಮ ಮಾವನವರು ಒಮ್ಮೆ ಮಂಗಳವಾರ ಔಷಧಿ ಡಬ್ಬಿ ತೆಗೆದು, ಆ ಕೆಂಪಕ್ಷರ ಓದಿ ಹಾಗೇ ಮುಚ್ಚಿಟ್ಟರು. ಅಣ್ಣಾ, ಅವತ್ತು ನಮ್ಮ ಮನೆ ಉಳಿಸಿದ್ದು ನಿಮ್ಮ ಮಾರ್ಕರ್.

ಭಾನುವಾರದ ರಾತ್ರಿಗಳು ಸುಲಭವಾಗಿರಲಿಲ್ಲ. ಮಾತ್ರೆ ಹಳದಿ. ಕೆಲವು ತಿಂಗಳಲ್ಲಿ ಪುಟ್ಟಿಗೆ ಹಳದಿ ಬಣ್ಣ ಕಂಡರೇ ವಾಕರಿಕೆ ಬರುವಂತಾಯಿತು. ಇದನ್ನು ಮೊದಲು ಗಮನಿಸಿದ್ದು ನಮ್ಮ ಅತ್ತೆ. ಯಾರಿಗೂ ಹೇಳದೆ, ಭಾನುವಾರ ಚಿತ್ರಾನ್ನ ಮಾಡುವುದನ್ನು ನಿಲ್ಲಿಸಿದರು. ಸಾರಿಗೆ ಅರಿಶಿನ ಹಾಕುವುದನ್ನೂ ಅವತ್ತಿನ ಮಟ್ಟಿಗೆ ಬಿಟ್ಟರು. ಹಳದಿ ಸೀರೆ ಉಡುವುದನ್ನೂ ಬಿಟ್ಟಿದ್ದರು ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಹಾಸನದ ಚಳಿಗಾಲದ ಬೆಳಗು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅತ್ತೆ ಐದಕ್ಕೇ ಎದ್ದು ಬಚ್ಚಲ ಒಲೆಗೆ ಉರಿ ಹಾಕಿ, ಹಂಡೆಯ ಬಿಸಿನೀರಲ್ಲಿ ಮೊಮ್ಮಗಳ ಕಾಲು ಇಳಿಬಿಟ್ಟು, "ಏಳು ಕಣವ್ವ, ಮೆಲ್ಲಗೆ ಮಡಚು" ಎಂದು ಒಂದೊಂದೇ ಕೀಲು ಬಿಡಿಸುತ್ತಿದ್ದರು. ಮಂಡಿಗೆ ಎಣ್ಣೆ ಹಾಕಿ ಗಟ್ಟಿಯಾಗಿ ನೀವಿಸಿ, ಕಟ್ಟು ಕಟ್ಟಿಸಿ ಎಂದು ಹೇಳಲು ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ, ಕಾಫಿ ಕೊಟ್ಟು ಕಳಿಸಿದವರೂ ಅವರೇ.

ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ಕೊಟ್ಟರೆ ವಾಕರಿಕೆ ನಿದ್ದೆಯಲ್ಲೇ ಕಳೆಯುತ್ತದೆ ಎಂದು ಹೇಳಿಕೊಟ್ಟದ್ದು ಮೂಡಿಗೆರೆ ಕಡೆಯ ಒಬ್ಬ ತಾಯಿ. ಡಾಕ್ಟರನ್ನೂ ಕೇಳಿ ಹಾಗೇ ಮಾಡಿದೆವು. ಅವರ ಮಗನದು ಇದೇ ಕಾಯಿಲೆಯ ಇನ್ನೊಂದು ಬಗೆ. ದಿನಾ ಜ್ವರ ಏರಿ ಇಳಿಯುತ್ತದೆ, ಮೈಮೇಲೆ ಗಂಧೆ ಬಂದು ಹೋಗುತ್ತದೆ. ನಮಗಿಂತ ಕಷ್ಟದಲ್ಲಿದ್ದರು. ಆದರೂ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತು, ಏನು ಕೇಳಬೇಕು, ಯಾವ ರಿಪೋರ್ಟು ಮೇಲಿಡಬೇಕು ಎಂದು ಎಲ್ಲವನ್ನೂ ಹೇಳಿದರು. ನಿಮ್ಮ ಹುಡುಗನೂ ಗುಣವಾಗಲಿ, ಅಕ್ಕ.

ಕಣ್ಣಿನ ಡಾಕ್ಟರ ವಿಷಯ ಗೊತ್ತಿಲ್ಲದವರಿಗೆ ಆಶ್ಚರ್ಯವಾಗಬಹುದು. ಕಾಲಿನ ಕಾಯಿಲೆಗೆ ಕಣ್ಣಿನ ಆಸ್ಪತ್ರೆ ಯಾಕೆ? ಕೀಲು ಬಾತುಕೊಳ್ಳುವ ಇದೇ ಕಾರಣಕ್ಕೆ ಕಣ್ಣಿನೊಳಗೂ ಯುವೈಟಿಸ್ ಎಂಬ ಉರಿಯೂತ ಬರಬಹುದು. ಹೆಚ್ಚಾಗಿ ಕಣ್ಣು ಕೆಂಪಾಗುವುದಿಲ್ಲ, ನೋವಿರುವುದಿಲ್ಲ, ಮಗು ಏನೂ ಹೇಳುವುದಿಲ್ಲ. ಗೊತ್ತಾಗುವಷ್ಟರಲ್ಲಿ ದೃಷ್ಟಿ ಹೋಗಿರಬಹುದು. ಪುಟ್ಟಿಗೆ ಎಎನ್ಎ ಎಂಬ ರಕ್ತಪರೀಕ್ಷೆ ಪಾಸಿಟಿವ್ ಇದ್ದದ್ದರಿಂದ, ವಯಸ್ಸೂ ಚಿಕ್ಕದಾದ್ದರಿಂದ, ಮೂರು ತಿಂಗಳಿಗೊಮ್ಮೆ ಕಣ್ಣಿನೊಳಗನ್ನು ದೀಪ ಬಿಟ್ಟು ನೋಡುವ ಸ್ಲಿಟ್ ಲ್ಯಾಂಪ್ ಪರೀಕ್ಷೆ ತಪ್ಪಿಸುವಂತಿರಲಿಲ್ಲ. ಯಂತ್ರದ ಮೇಲೆ ಗದ್ದ ಇಡಲು ಅವಳಿಗೆ ಎಟುಕುತ್ತಿರಲಿಲ್ಲ, ಸ್ಟೂಲಿನ ಮೇಲೆ ಮಂಡಿಯೂರಲು ಆಗುತ್ತಿರಲಿಲ್ಲ. ಡಾಕ್ಟರ ಸಹಾಯಕಿ ತಾವೇ ಸ್ಟೂಲಿನ ಮೇಲೆ ಕೂತು, ಅವಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, "ಒಳಗೆ ನಕ್ಷತ್ರ ಕಾಣುತ್ತಾ ನೋಡು ಪುಟ್ಟಾ" ಎನ್ನುತ್ತಿದ್ದರು. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಮ್ಮೆ ಶುರುವಿನಲ್ಲೇ ಸಿಕ್ಕಿತು. ಡ್ರಾಪ್ಸ್‌ನಲ್ಲೇ ಹಿಡಿತಕ್ಕೆ ಬಂತು. ಇವತ್ತು ಅವಳು ಬೋರ್ಡಿನ ಅಕ್ಷರ ಹಿಂದಿನ ಬೆಂಚಿನಿಂದ ಓದುತ್ತಾಳೆ.

ಅಂಗನವಾಡಿ ಟೀಚರ್ ಬಗ್ಗೆ ಬರೆಯುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಪುಟ್ಟಿಗೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ ಎಂದು ಹೇಳಿದಾಗ ಅವರು ಒಂದು ಪುಟ್ಟ ಪ್ಲಾಸ್ಟಿಕ್ ಕುರ್ಚಿ ತರಿಸಿದರು. ಬೇರೆ ಮಕ್ಕಳು "ಅವಳಿಗೆ ಮಾತ್ರ ಯಾಕೆ" ಎಂದು ಕೇಳುವ ಮೊದಲೇ ಇನ್ನೂ ಎರಡು ಕುರ್ಚಿ ತರಿಸಿ, ಪುಟ್ಟಿಯ ಎರಡೂ ಪಕ್ಕ ದಿನಕ್ಕಿಬ್ಬರ ಪಾಳಿ ಮಾಡಿದರು. ಅವಳ ಕುರ್ಚಿ ಮಾತ್ರ ಯಾವತ್ತೂ ಖಾಲಿಯಾಗಲಿಲ್ಲ. ಆಮೇಲೆ ಸ್ಕೂಲಿನ ಮಿಸ್ ಕೂಡ ಹಾಗೇ. ಪ್ರೇಯರ್ ಮುಗಿದ ಮೇಲೆ ಬಂದರೂ ಹಾಜರಿ ಹಾಕಿದರು. ಪೀರಿಯಡ್ ಮಧ್ಯೆ ಡಸ್ಟರ್ ತರಲು, ಕಿಟಕಿ ತೆಗೆಯಲು ಅವಳನ್ನೇ ಕಳಿಸಿದರು. ಎದ್ದು ನಡೆದಾಡಲಿ ಎಂದು. ಅವಳು ಮಾತ್ರ ತಾನು ಕ್ಲಾಸ್ ಲೀಡರ್ ಎಂದೇ ತಿಳಿದಿದ್ದಳು.

ಫಿಸಿಯೋಥೆರಪಿಸ್ಟ್ ಮೇಡಂ ನಮ್ಮ ಮನೆಯ ಒಂದು ಅಭ್ಯಾಸ ಬದಲಿಸಿದರು. ನೋವಿದೆ ಎಂದು ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಿಸಬಾರದು, ಕೀಲು ಮಡಚಿದ ಹಾಗೇ ನಿಂತುಬಿಡುತ್ತದೆ ಎಂದು ತಿಳಿಸಿ, ಆಡಬೇಡ ಎನ್ನುವ ಬದಲು ಸೈಕಲ್ ಕೊಡಿಸಿ ಎಂದರು. ಊದಿದ ಮಂಡಿಗೆ ರಕ್ತ ಹೆಚ್ಚು ಹರಿದು ಆ ಕಾಲಿನ ಮೂಳೆ ಬೇಗ ಬೆಳೆಯುತ್ತದಂತೆ; ಪುಟ್ಟಿಯ ಎಡಗಾಲು ಒಂಚೂರು ಉದ್ದವಾಗಿರುವುದನ್ನು ಅಳೆದು ತೋರಿಸಿದವರೂ ಅವರೇ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಅಜ್ಜ ಆ ಅಳತೆ ಚೀಟಿ ನೋಡಿ, ಬಲಗಾಲಿನ ಶೂ ಒಳಗೆ ಪದರ ಪದರವಾಗಿ ಚರ್ಮ ಕೂರಿಸಿಕೊಟ್ಟರು. "ಹೊರಗೆ ಕಾಣಬಾರದು ಕಣಮ್ಮ, ಹೆಣ್ಮಗು" ಎಂದರು. ಕಾಲು ಬೆಳೆದ ಹಾಗೆಲ್ಲ ಹೊಸ ಶೂ, ಹೊಸ ಪದರ. ದುಡ್ಡು ಕೊಡಲು ಹೋದರೆ ಚರ್ಮದ್ದಷ್ಟೇ ತೆಗೆದುಕೊಂಡರು.

ಮನೆ ಓನರ್ ಅಂಕಲ್, ನಾವು ಕೇಳುವ ಮೊದಲೇ ಬಚ್ಚಲಿಗೆ ಕಮೋಡ್ ಹಾಕಿಸಿದಿರಿ. ಕುಕ್ಕರುಗಾಲಲ್ಲಿ ಕೂರಲಾಗದ ಮಗುವಿಗೆ ಅದೆಷ್ಟು ದೊಡ್ಡದು ಎಂದು ನಿಮಗೆ ಹೇಳಿಯೇ ಇರಲಿಲ್ಲ. ಎದುರು ಮನೆಯ ಆಂಟಿ, ನಿಮ್ಮ ಮಗನಿಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದಾಗ ಬೆಳಿಗ್ಗೆಯೇ ಫೋನ್ ಮಾಡಿ "ಮಗೂನ ಇತ್ತ ಬಿಡಬೇಡಿ" ಎಂದಿರಿ. ಈ ಮಾತ್ರೆ ತೆಗೆದುಕೊಳ್ಳುವ ಮಕ್ಕಳಿಗೆ ಚಿಕನ್‌ಪಾಕ್ಸ್ ಜೋರಾಗಿ ಬರಬಹುದು ಎಂದು ಯಾವತ್ತೋ ಹೇಳಿದ್ದನ್ನು ನೆನಪಿಟ್ಟಿದ್ದಿರಿ. ರಕ್ತ ತೆಗೆಯುವ ಲ್ಯಾಬಿನ ಹುಡುಗ, ಲಿವರ್ ಟೆಸ್ಟಿಗೆಂದು ಬಂದಾಗಲೆಲ್ಲ ನೀನು ಅವಳಿಗೇ ಕೇಳುತ್ತಿದ್ದೆ, "ಯಾವ ಕೈ, ನೀನೇ ಹೇಳು". ಅಷ್ಟು ಸಾಕಿತ್ತು ಅವಳಿಗೆ.

ನಮ್ಮ ದೊಡ್ಡ ಮಗನಿಗೆ ಇಲ್ಲಿ ಬರೆಯದಿದ್ದರೆ ಆಗುವುದಿಲ್ಲ. ತಂಗಿಯ ಬ್ಯಾಗನ್ನೂ ಹೊತ್ತುಕೊಂಡು, ಅವಳ ನಡಿಗೆಗೆ ತನ್ನ ನಡಿಗೆ ಇಳಿಸಿಕೊಂಡು ಸ್ಕೂಲಿಗೆ ಹೋದ. ಅವನ ಹುಟ್ಟುಹಬ್ಬಕ್ಕೇ ಆಸ್ಪತ್ರೆಯ ದಿನ ಬಿದ್ದಾಗ, "ರೈಲಲ್ಲೇ ಕೇಕ್ ತಿನ್ನೋಣ ಬಿಡಮ್ಮ" ಎಂದ. ಮತ್ತೆ ಇವರು, ನನ್ನ ಯಜಮಾನರು, ಸಂಬಳದಲ್ಲಿ ರಜೆ ಕಡಿತವಾದ ತಿಂಗಳುಗಳಲ್ಲಿ ಒಂದು ಮಾತೂ ಆಡದೆ ಫೈಲು ಹಿಡಿದು ಜೊತೆಗೆ ನಿಂತರು.

ಕಾಯಿಲೆ ಮುಗಿಯಿತು ಎಂದು ಡಾಕ್ಟರು ಹೇಳಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಎಷ್ಟೋ ಮಕ್ಕಳಿಗೆ ಮತ್ತೆ ಮರುಕಳಿಸುತ್ತದೆ. ಕಣ್ಣಿನ ಪರೀಕ್ಷೆಯನ್ನಂತೂ ಬಿಡುವಂತಿಲ್ಲ. ಬಂದರೆ ಮತ್ತೆ ಔಷಧಿ ಇದೆ, ಇದಕ್ಕಿಂತ ಮುಂದಿನ ಇಂಜೆಕ್ಷನ್‌ಗಳೂ ಇವೆ. ಆ ಹೆದರಿಕೆ ನಮ್ಮ ಜೊತೆ ಇರುತ್ತದೆ. ಆದರೆ ಮೊದಲಿನ ಹಾಗೆ ಒಬ್ಬರೇ ಅಲ್ಲ.

ಜಿಲ್ಲೆಯ ಯಾವುದೋ ಮನೆಯಲ್ಲಿ ಈಗ ಒಂದು ಮಗು ಬೆಳಿಗ್ಗೆ ಕುಂಟುತ್ತಾ, ಮಧ್ಯಾಹ್ನ ಆಡುತ್ತಾ ಇರಬಹುದು. ಅದರ ತಾಯಿ ಇದನ್ನು ಓದುತ್ತಿದ್ದರೆ, ತಂಗೀ, ನೀನು ಕಂಡದ್ದು ನಿಜ. ನಾಳೆ ಅವಳು ಏಳುವಾಗ ವಿಡಿಯೋ ಮಾಡಿಕೋ, ಎರಡೂ ಮಂಡಿ ಮುಟ್ಟಿ ನೋಡು, ಮಕ್ಕಳ ಡಾಕ್ಟರಿಗೆ ತೋರಿಸು.

ಈ ಸಲ ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಅತ್ತೆಯ ಹರಕೆ ಒಪ್ಪಿಸಬೇಕು. ಸಾಲಿನಲ್ಲಿ ತಾನೂ ನಿಲ್ಲುತ್ತೇನೆ, ಯಾರೂ ಎತ್ತಿಕೊಳ್ಳಬಾರದು ಎಂದು ಪುಟ್ಟಿ ಈಗಲೇ ಹೇಳಿಟ್ಟಿದ್ದಾಳೆ. ನೀವು ಯಾರಾದರೂ ಅಲ್ಲಿ ಕಂಡರೆ ದಯವಿಟ್ಟು ನಿಲ್ಲಿಸಿ ಮಾತಾಡಿಸಿ. ನಿಮ್ಮನ್ನು ಅವಳಿಗೆ ತೋರಿಸಿ, ಇವರೇ ಅವರು ಎಂದು ಹೇಳಬೇಕಿದೆ.